ಹಳೇ ದೊಡ್ಡ ಸ್ಕೇಲ್ ಟೌನ್ ಮ್ಯಾಪ್ ಇಟ್ಕೊಂಡು ಬ್ರಿಟನ್ನಿನ ಬೀದಿ, ಮನೆ, ಮನೆತನ ಹುಡುಕೋದು ಹೇಗೆ

ಬ್ರಿಟನ್ನಿನಲ್ಲಿ ನೂರು ನೂರಿಪ್ಪತ್ತು ವರ್ಷದ ಹಳೇ ಸಾಲುಮನೆ ತಗೊಂಡು ಇರೋರಿಗೆ, ನಮಗಿಂತ ಮುಂಚೆ ಈ ಮನೇಲಿ ಯಾರಿದ್ರು ಅಂತ ಒಂದಲ್ಲ ಒಂದು ದಿನ ಅನ್ಸೇ ಅನ್ಸುತ್ತೆ. ಇನ್ನು ಕೆಲವರು ಮುತ್ತಜ್ಜನ ಕಾಲದಲ್ಲಿ ಹಡಗಿನ ಕೆಲಸಕ್ಕೋ, ದೊರೆಗಳ ಮಕ್ಕಳನ್ನ ನೋಡ್ಕೊಳ್ಳೋ ಆಯಾ ಕೆಲಸಕ್ಕೋ ಹೋಗಿ ಲಂಡನ್ನಿನಲ್ಲಿ ಇಳಿದೋರ ಜಾಡು ಹುಡುಕ್ತಿರ್ತಾರೆ. ಎಲ್ರೂ ಮೊದಲು ಮಾಡೋದು ಒಂದೇ ಕೆಲಸ, ಸೆನ್ಸಸ್ ಸೈಟಿಗೆ ಹೋಗಿ ಹೆಸರೋ ಅಡ್ರೆಸ್ಸೋ ಟೈಪ್ ಮಾಡೋದು. ಅಲ್ಲಿ ಹೆಸರು, ವಯಸ್ಸು, ಕಸುಬು, ಹುಟ್ಟಿದ ಊರು, ಬೀದಿ ಎಲ್ಲ ಸಿಗುತ್ತೆ ನಿಜ. ಆದ್ರೆ ಆ ಬೀದಿ ಹೇಗಿತ್ತು, ಹಿತ್ತಿಲ ಗೋಡೆ ಆಚೆ ಗ್ಯಾಸ್ ಕಾರ್ಖಾನೆ ಇತ್ತಾ, ನೀರು ಎಲ್ಲಿಂದ ತರ್ತಿದ್ರು, ಎಷ್ಟು ಮನೆಗೆ ಒಂದು ಕಕ್ಕಸು, ಮಕ್ಕಳು ಯಾವ ಸ್ಕೂಲಿಗೆ ನಡ್ಕೊಂಡು ಹೋಗೋಷ್ಟು ಹತ್ತಿರ ಇದ್ರು, ಇದೆಲ್ಲ ಸೆನ್ಸಸ್ ಹೇಳಲ್ಲ. ಇದಕ್ಕೆ ಮ್ಯಾಪೇ ಬೇಕು, ಅದೂ ಸಣ್ಣ ಮ್ಯಾಪಲ್ಲ, ಒಂದೊಂದು ಮನೆಯ ಗೋಡೆಗೆರೆ ಕಾಣೋ ದೊಡ್ಡ ಸ್ಕೇಲಿನ ಮ್ಯಾಪು.

ಒಳ್ಳೇದೇನಂದ್ರೆ ಅಲ್ಲಿ ಇಂಥ ಮ್ಯಾಪುಗಳಿಗೆ ಬರ ಇಲ್ಲ, ಮರುಮುದ್ರಣ ಆಗಿ ಕೆಲವೇ ಪೌಂಡಿಗೆ ಸಿಗುತ್ತೆ. ತುಂಬ ಜನ ಊರಿನ ಹೆಸರು ನೋಡಿ ಒಂದು ಮ್ಯಾಪ್ ತರಿಸ್ಕೊಂಡು, ಚೆನ್ನಾಗಿದೆ ಅಂತ ಫ್ರೇಮ್ ಹಾಕಿ ಗೋಡೆಗೆ ತಗುಲಿಸಿ ಬಿಡ್ತಾರೆ, ಅದು ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋ ವಿಷಯ. ಮ್ಯಾಪನ್ನ ಊರಿನ ಹೆಸರು ನೋಡಿ ಆರಿಸ್ಬೇಡಿ, ನಿಮ್ಮ ಮನುಷ್ಯ ಯಾವ ವರ್ಷ ಅಲ್ಲಿದ್ದ ಅಂತ ನೋಡಿ ಆರಿಸಿ, ಆಮೇಲೆ ಅದನ್ನ ಸೆನ್ಸಸ್ ಪುಟದ ಪಕ್ಕದಲ್ಲಿ ಹರಡಿ ಸಾಲು ಸಾಲಾಗಿ ಜೋಡಿಸ್ಕೊಂಡು ಓದಿ. ಈ ಬರಹ ಪೂರ್ತಿ ಅದನ್ನ ಮಾಡೋದು ಹೇಗೆ ಅನ್ನೋದೇ.

ಯಾವ ಮ್ಯಾಪು, ಯಾವ ಸ್ಕೇಲು

ಮೂಲ ಎಲ್ಲ ಆರ್ಡ್‌ನೆನ್ಸ್ ಸರ್ವೆಯದ್ದು, ಅಂದ್ರೆ ಬ್ರಿಟನ್ನಿನ ಸರ್ಕಾರಿ ಮ್ಯಾಪ್ ಸಂಸ್ಥೆಯದ್ದು. 1791ರಲ್ಲಿ ಸೈನ್ಯದ ಕೆಲಸಕ್ಕೆ ಅಂತ ಶುರುವಾದ ಸಂಸ್ಥೆ, 19ನೇ ಶತಮಾನದಲ್ಲಿ ಇಡೀ ದೇಶವನ್ನ ಚೈನು ಹಿಡಿದು ಅಳೆದು ಇಟ್ಟಿದೆ. ಇದರಲ್ಲಿ ಒಂದು ಇಂಚಿಗೆ ಒಂದು ಮೈಲಿ ಇರೋ ಮ್ಯಾಪು ನಮ್ಮ ಕೆಲಸಕ್ಕೆ ಬರಲ್ಲ, ಅದರಲ್ಲಿ ಊರು ಅಂದ್ರೆ ಒಂದು ಕಪ್ಪು ಮಚ್ಚೆ ಅಷ್ಟೇ. ಮೈಲಿಗೆ 6 ಇಂಚಿನದ್ದು ಹಳ್ಳಿ ಕಡೆಗೆ ಪರವಾಗಿಲ್ಲ. ಊರೊಳಗಿನ ಮನೆ ಹುಡುಕೋರಿಗೆ ಬೇಕಾಗೋದು ಮೈಲಿಗೆ 25 ಇಂಚಿನದ್ದು, ಅಂದ್ರೆ 1:2500 (ನೆಲದ 2500 ಇಂಚಿಗೆ ಕಾಗದದಲ್ಲಿ ಒಂದು ಇಂಚು), ಮತ್ತೆ ಅದಕ್ಕಿಂತ ದೊಡ್ಡ ಟೌನ್ ಪ್ಲಾನುಗಳು. 1:2500ರ ಕೆಲಸ 1850ರ ದಶಕದಲ್ಲಿ ಶುರುವಾಗಿ 1890ರ ದಶಕದ ಹೊತ್ತಿಗೆ ಬೆಟ್ಟಗುಡ್ಡದ ಪಾಳುಭೂಮಿ ಬಿಟ್ಟು ಉಳಿದ ಜಾಗ ಎಲ್ಲ ಮುಗಿದಿತ್ತು.

ಟೌನ್ ಪ್ಲಾನುಗಳ ಕಥೆ ಇನ್ನೂ ಚೆನ್ನಾಗಿದೆ. 1840ರ ದಶಕದಲ್ಲಿ ಕಾಲರಾ ಭಯ, ಊರು ಊರಲ್ಲಿ ಚರಂಡಿ ಇಲ್ಲ, ಇಳಿಜಾರು ಯಾವ ಕಡೆಗಿದೆ ಅಂತ ಗೊತ್ತಿಲ್ದೆ ಒಳಚರಂಡಿ ಕಟ್ಟೋಕಾಗಲ್ಲ. ಹಾಗಾಗಿ ಲಂಡನ್ನಿನಲ್ಲಿ 1848ರಿಂದ ಚರಂಡಿ ಕಮಿಷನ್ನಿಗೋಸ್ಕರ ಮೈಲಿಗೆ 5 ಅಡಿ ಸ್ಕೇಲಿನಲ್ಲಿ, ಅಂದ್ರೆ 1:1056ರಲ್ಲಿ, ಅಳತೆ ಮಾಡಿದ್ರು. ಲ್ಯಾಂಕಶೈರ್, ಯಾರ್ಕ್‌ಶೈರ್ ಊರುಗಳಿಗೂ ಸುಮಾರು ಅದೇ ಹೊತ್ತಿಗೆ ಅದೇ ಸ್ಕೇಲು. 1848ರ ಪಬ್ಲಿಕ್ ಹೆಲ್ತ್ ಆಕ್ಟ್ ಆದ್ಮೇಲೆ ಕೆಲವು ಊರುಗಳಿಗೆ 1:528 ಬಂತು, 1855ರ ಹೊತ್ತಿನಿಂದ 1:500. ಸಾಮಾನ್ಯವಾಗಿ 4000ಕ್ಕಿಂತ ಜಾಸ್ತಿ ಜನ ಇದ್ದ ಊರುಗಳಿಗೆ ಈ ಪ್ಲಾನು ಮಾಡಿದ್ರು. 1:500ರಲ್ಲಿ ಬೀದಿದೀಪದ ಕಂಬ, ಮ್ಯಾನ್‌ಹೋಲು, ಹಿತ್ತಿಲ ತೋಟದ ಕಾಲುದಾರಿ, ಮನೆ ಮುಂದಿನ ಮೆಟ್ಟಿಲು, ಚರ್ಚಿನೊಳಗೆ ಎಷ್ಟು ಜನ ಕೂರಬಹುದು ಅನ್ನೋ ಲೆಕ್ಕ ಕೂಡ ಬರೆದಿರ್ತಾರೆ. ಚರಂಡಿಗೋಸ್ಕರ ಮಾಡಿದ ಕೆಲಸ ಇವತ್ತು ವಂಶವೃಕ್ಷ ಹುಡುಕೋರಿಗೆ ವರ ಆಗಿದೆ.

ಮರುಮುದ್ರಣದಲ್ಲಿ ಎಲ್ಲರಿಗೂ ಮೊದಲು ಕೈಗೆ ಸಿಗೋದು ಅಲನ್ ಗಾಡ್‌ಫ್ರೇ ಅವರ ಗಾಡ್‌ಫ್ರೇ ಎಡಿಷನ್. 1980ರ ದಶಕದ ಶುರುವಿನಿಂದ ಈಶಾನ್ಯ ಇಂಗ್ಲೆಂಡಿನ ಒಂದು ಪುಟ್ಟ ಪ್ರಕಾಶನ ಬಿಡದೆ ಮಾಡ್ಕೊಂಡು ಬಂದ ಕೆಲಸ ಇದು, ಸಾವಿರಾರು ಶೀಟು ಇದೆ. ಮಡಚಿದ ಹಾಳೆ, ಹಿಂಬದಿಯಲ್ಲಿ ಆ ಏರಿಯಾದ ಇತಿಹಾಸ ತಿಳಿದೋರು ಬರೆದ ಲೇಖನ, ತುಂಬ ಶೀಟುಗಳಲ್ಲಿ ಆ ಕಾಲದ ಡೈರೆಕ್ಟರಿಯಿಂದ (ಯಾವ ಬೀದಿಯ ಯಾವ ಮನೇಲಿ ಯಾರಿದ್ರು ಅಂತ ಅಚ್ಚು ಹಾಕಿದ ಪುಸ್ತಕ) ಆರಿಸಿದ ಕೆಲವು ಬೀದಿಗಳ ಪಟ್ಟಿ. ನನ್ನ ಪ್ರಕಾರ ಹಿಂಬದಿಯ ಲೇಖನಕ್ಕೇ ಕೊಟ್ಟ ದುಡ್ಡು ವಸೂಲಿ, ಯಾವ ಗಿರಣಿ ಯಾರದ್ದು, ಯಾವ ರೈಲು ಸ್ಟೇಷನ್ ಯಾವಾಗ ಬಂತು ಅಂತ ಒಂದೇ ಪುಟದಲ್ಲಿ ಸಿಗುತ್ತೆ.

ಇಲ್ಲಿ ಎಲ್ಲರೂ ಜಾರಿ ಬೀಳೋ ಒಂದು ಜಾಗ ಇದೆ, ಸ್ವಲ್ಪ ನಿಧಾನವಾಗಿ ಓದಿ. ಗಾಡ್‌ಫ್ರೇ ಮ್ಯಾಪುಗಳು ಹೆಚ್ಚಿನವು 1:2500ರಿಂದ ತೆಗೆದಿದ್ರೂ ಕೈಲಿ ಹಿಡಿಯೋಕೆ ಅನುಕೂಲ ಆಗ್ಲಿ ಅಂತ ಕುಗ್ಗಿಸಿ ಅಚ್ಚು ಹಾಕಿರ್ತಾರೆ, ಸುಮಾರು 1:4340, ಅಂದ್ರೆ ಮೈಲಿಗೆ ಹತ್ತಿರ ಹತ್ತಿರ 15 ಇಂಚು. ಮೂಲ ಮ್ಯಾಪಿನಲ್ಲಿ ಒಂದು ಚದರ ಇಂಚು ಅಂದ್ರೆ ಹೆಚ್ಚು ಕಮ್ಮಿ ಒಂದು ಎಕರೆ ಅನ್ನೋ ಸುಲಭದ ಲೆಕ್ಕ ಎಲ್ಲ ಕಡೆ ಓದಿರ್ತೀರಿ, ಆ ಲೆಕ್ಕವನ್ನ ಈ ಮರುಮುದ್ರಣಕ್ಕೆ ಹಾಕಿದ್ರೆ ಪೂರ್ತಿ ತಪ್ಪಾಗುತ್ತೆ, ಇದರಲ್ಲಿ ಒಂದು ಚದರ ಇಂಚಿಗೆ ಸುಮಾರು 3 ಎಕರೆ. ಇನ್ನೊಂದು ಥರ ನೋಡೋಣ. ಕೂಲಿಕಾರರ ಸಾಲುಮನೆಯ ಮುಂಭಾಗ ನಾಲ್ಕೂವರೆ ಮೀಟರ್ ಅಂತ ಇಟ್ಕೊಳ್ಳಿ, 1:500ರಲ್ಲಿ ಅದು 9 ಮಿಲಿಮೀಟರ್, 1:1056ರಲ್ಲಿ 4 ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ, 1:2500ರಲ್ಲಿ 2ಕ್ಕಿಂತ ಸ್ವಲ್ಪ ಕಮ್ಮಿ, ಗಾಡ್‌ಫ್ರೇಯಲ್ಲಿ ಬರೀ 1 ಮಿಲಿಮೀಟರ್. ಅಚ್ಚು ಅಷ್ಟು ಚೊಕ್ಕವಾಗಿರೋದ್ರಿಂದ ಗೆರೆ ಕಾಣುತ್ತೆ, ಆದ್ರೆ ಬರಿಗಣ್ಣಲ್ಲಿ ಮನೆ ಎಣಿಸೋಕೆ ಹೋಗ್ಬೇಡಿ, ಒಂದು ಭೂತಗನ್ನಡಿ ಬೇಕೇ ಬೇಕು. ದೂರ ಅಳೆಯೋದಾದ್ರೆ ಕೆಳಗೆ ಬರೆದಿರೋ ಸ್ಕೇಲ್ ಗೆರೆಯಿಂದಾನೇ ಅಳೀರಿ. ಫೋಟೋ ತೆಗೆದು ಪ್ರಿಂಟ್ ಹಾಕಿದ್ರಂತೂ ಅಂಕಿಯಲ್ಲಿ ಬರೆದ ಸ್ಕೇಲಿಗೆ ಅರ್ಥಾನೇ ಇರಲ್ಲ, ಆ ಗೆರೆ ಮಾತ್ರ ಚಿತ್ರದ ಜೊತೇಲೇ ಹಿಗ್ಗುತ್ತೆ ಕುಗ್ಗುತ್ತೆ. ಕೆಲವು ದೊಡ್ಡ ಊರುಗಳ ನಡುಭಾಗಕ್ಕೆ ಟೌನ್ ಪ್ಲಾನಿನಿಂದಲೇ ತೆಗೆದ ಶೀಟುಗಳೂ ಇವೆ, ಅದು ಸಿಕ್ಕಿದ್ರೆ ಯೋಚನೆ ಮಾಡ್ದೆ ತಗೊಳ್ಳಿ.

ವರ್ಷ ಹೊಂದಿಸೋದು

ಮೊದಲು ಒಂದು ಕಾಗದದಲ್ಲಿ ನಿಮ್ಮ ಮನುಷ್ಯನ ಅಡ್ರೆಸ್ಸುಗಳನ್ನ ವರ್ಷದ ಪ್ರಕಾರ ಬರ್ಕೊಳ್ಳಿ. ಇಂಗ್ಲೆಂಡ್, ವೇಲ್ಸ್ ಸೆನ್ಸಸ್ 1841ರಿಂದ ಹತ್ತು ವರ್ಷಕ್ಕೊಂದು ಹೆಸರು ಸಮೇತ ಸಿಗುತ್ತೆ, ನೂರು ವರ್ಷ ಆದ್ಮೇಲೆ ಬಿಡುಗಡೆ ಮಾಡ್ತಾರೆ, ಹಾಗಾಗಿ 1921ರದ್ದು 2022ರ ಜನವರಿಯಲ್ಲಿ ಹೊರಗೆ ಬಂತು. 1931ರದ್ದು ಕಾಯೋದು ಬೇಡ, 1942ರಲ್ಲಿ ಬೆಂಕಿಗೆ ಹೋಯ್ತು. ಆ ಖಾಲಿಯನ್ನ ತುಂಬೋಕೆ 29 ಸೆಪ್ಟೆಂಬರ್ 1939ರ ರಿಜಿಸ್ಟರ್ ಇದೆ, ಯುದ್ಧ ಶುರುವಾದಾಗ ಮಾಡಿದ ಜನರ ಪಟ್ಟಿ. ಮದುವೆ, ಜನನ, ಮರಣದ ಸರ್ಟಿಫಿಕೇಟಿನಲ್ಲೂ ಅಡ್ರೆಸ್ ಇರುತ್ತೆ, ಅದನ್ನೂ ಸೇರಿಸಿ, ಹತ್ತು ವರ್ಷದ ಮಧ್ಯೆ ಎರಡು ಮೂರು ಮನೆ ಬದಲಾಯ್ಸಿರೋದು ಬಡವರ ಮನೆತನಗಳಲ್ಲಿ ಮಾಮೂಲು.

ಈಗ ಮ್ಯಾಪಿನ ವರ್ಷ. ಶೀಟಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮೂರು ವರ್ಷ ಇರಬಹುದು, ಅಳತೆ ಮಾಡಿದ್ದು, ತಿದ್ದಿದ್ದು, ಅಚ್ಚಾಗಿದ್ದು. ನಮಗೆ ಮುಖ್ಯ ಮೊದಲ ಎರಡು. ಅಚ್ಚಾಗಿದ್ದು ಎಷ್ಟೋ ಸಲ ಅಳತೆಯಾದ ಎರಡು ಮೂರು ವರ್ಷಕ್ಕೆ, ಕೆಲವೊಮ್ಮೆ ಇನ್ನೂ ತಡವಾಗಿ, ಅಷ್ಟರಲ್ಲಿ ಬೆಳೆಯೋ ಊರಲ್ಲಿ ಎರಡು ಹೊಸ ಬೀದಿ ಬಂದಿರುತ್ತೆ. ಮ್ಯಾಪು ಸುಳ್ಳು ಹೇಳ್ತಿಲ್ಲ, ಅದು ಹೇಳ್ತಿರೋದು ಸರ್ವೆಯೋರು ಬಂದು ಹೋದ ದಿನದ ಮಾತು. ಮರುಮುದ್ರಣದ ಕವರ್ ಮೇಲಿರೋ ವರ್ಷ ಇವುಗಳಲ್ಲಿ ಯಾವುದು ಅಂತ ಒಳಗಿನ ಟಿಪ್ಪಣಿ ಓದಿ ಖಾತ್ರಿ ಮಾಡ್ಕೊಳ್ಳಿ.

ಲಂಡನ್ನಿನ ಲೆಕ್ಕ ಹೇಳೋದಾದ್ರೆ ಮುಖ್ಯವಾಗಿ ಮೂರು ಸುತ್ತು, 1862ರಿಂದ 1872ರವರೆಗಿನ ಅಳತೆ, 1890ರ ದಶಕದ ಮಧ್ಯದ ತಿದ್ದುಪಡಿ, ಆಮೇಲೆ ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನದ್ದು. ಹಾಗಾಗಿ 1871ರ ಸೆನ್ಸಸ್ಸಿಗೆ ಮೊದಲನೇದು, 1891 ಮತ್ತು 1901ಕ್ಕೆ ನಡುವಿನದ್ದು, 1911, 1921ಕ್ಕೆ ಮೂರನೇದು. 1881ರಲ್ಲಿ ಮಾತ್ರ ಇರೋರು ಸಿಕ್ಕಿದ್ರೆ ಮುಂದಿನದ್ದು ಹಿಂದಿನದ್ದು ಎರಡನ್ನೂ ತಗೊಂಡು ನಡುವೆ ಏನಾಯ್ತು ಅಂತ ನೋಡ್ಬೇಕು. ಒಂದೇ ಏರಿಯಾದ ಎರಡು ವರ್ಷದ ಶೀಟು ಪಕ್ಕ ಪಕ್ಕ ಇಟ್ಟು ನೋಡೋದು ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸೋ ಕೆಲಸ. ಶೋರ್‌ಡಿಚ್ ಮತ್ತು ಬೆಥ್‌ನಲ್ ಗ್ರೀನ್ ಗಡಿಯಲ್ಲಿ ಓಲ್ಡ್ ನಿಕಲ್ ಅನ್ನೋ ಕೊಳಗೇರಿ ಇತ್ತು, 1870ರ ಹೊತ್ತಿನ ಮ್ಯಾಪಿನಲ್ಲಿ ಇಕ್ಕಟ್ಟಾದ ಓಣಿಗಳು ಕಡ್ಡಿ ಜೋಡಿಸಿದ ಹಾಗೆ ಕಾಣುತ್ತೆ. 1890ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ಲು ಅದನ್ನ ಪೂರ್ತಿ ಕೆಡವಿ ಬೌಂಡರಿ ಎಸ್ಟೇಟ್ ಕಟ್ಟಿ 1900ರಲ್ಲಿ ತೆರೀತು. ಆಮೇಲಿನ ಮ್ಯಾಪಿನಲ್ಲಿ ಅದೇ ಜಾಗದಲ್ಲಿ ಆರ್ನಲ್ಡ್ ಸರ್ಕಸ್ ಅನ್ನೋ ದುಂಡನೆಯ ವೃತ್ತ, ಅದರಿಂದ ಸೂರ್ಯಕಿರಣದ ಥರ ಹೊರಡೋ ಅಗಲದ ಬೀದಿಗಳು. ಹಳೇ ನಿವಾಸಿಗಳಲ್ಲಿ ಬಹುತೇಕರಿಗೆ ಹೊಸ ಕಟ್ಟಡದಲ್ಲಿ ಜಾಗ ಸಿಗಲಿಲ್ಲ. 1891ರಲ್ಲಿ ಅಲ್ಲಿದ್ದ ನಿಮ್ಮ ಮನೆತನ 1901ರಲ್ಲಿ ಯಾಕೆ ಮಾಯ ಆಯ್ತು ಅನ್ನೋದಕ್ಕೆ ಈ ಎರಡು ಶೀಟು ನೋಡಿದ್ರೆ ಅರ್ಧ ಉತ್ತರ ಸಿಕ್ಕಿರುತ್ತೆ, ಇನ್ನರ್ಧಕ್ಕೆ ಸುತ್ತಲಿನ ಬೀದಿಗಳ ಸೆನ್ಸಸ್ ಹುಡುಕಿ. ರೈಲೂ ಇದೇ ಕೆಲಸ ಮಾಡಿದೆ, 1860ರ ದಶಕದಲ್ಲಿ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿಗೆ ದಾರಿ ಮಾಡೋಕೆ ಮಿಡ್‌ಲ್ಯಾಂಡ್ ರೈಲ್ವೆಯೋರು ಏಗರ್ ಟೌನ್ ಅನ್ನೋ ಇಡೀ ಮೊಹಲ್ಲಾವನ್ನೇ ಎತ್ತಿಸಿಬಿಟ್ರು.

ಶೀಟು ಆರಿಸೋದು

1:2500ರ ಒಂದು ಶೀಟು ಅಂದ್ರೆ ನೆಲದ ಮೇಲೆ ಒಂದೂವರೆ ಮೈಲಿ ಅಗಲ, ಒಂದು ಮೈಲಿ ಎತ್ತರ. ಊರು ಈ ಚೌಕಕ್ಕೆ ಹೊಂದಿಕೊಂಡು ಹುಟ್ಟಿರಲ್ಲ, ನಿಮ್ಮ ಬೀದಿ ನಾಲ್ಕು ಶೀಟು ಸೇರೋ ಮೂಲೇಲೇ ಬಿದ್ದಿರಬಹುದು. ಆದ್ದರಿಂದ ದುಡ್ಡು ಕೊಡೋಕೆ ಮುಂಚೆ ಪ್ರಕಾಶಕರ ಸೈಟಿನಲ್ಲಿ ಆ ಶೀಟು ಯಾವ್ಯಾವ ಬೀದಿ, ಚರ್ಚು, ಕಾರ್ಖಾನೆ ಒಳಗೊಂಡಿದೆ ಅಂತ ಬರೆದಿರ್ತಾರೆ, ಅದನ್ನ ಓದಿ. ಶೀರ್ಷಿಕೆಯಲ್ಲಿ ಊರಿನ ಹೆಸರು ಇದ್ದ ಮಾತ್ರಕ್ಕೆ ಊರು ಪೂರ್ತಿ ಇದೆ ಅಂತಲ್ಲ. ನಂಬರು ಹಾಕೋ ಕ್ರಮ ಸುಲಭ, ಮೊದಲು ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಹೆಸರು, ಆಮೇಲೆ ಆರು ಇಂಚಿನ ಶೀಟಿನ ನಂಬರು, ಚುಕ್ಕೆ ಆದ್ಮೇಲೆ ಅದರೊಳಗಿನ 16 ತುಂಡುಗಳಲ್ಲಿ ಎಷ್ಟನೇದು ಅಂತ. ಒಂದೊಂದು ಕೌಂಟಿಗೂ ಬೇರೆ ಬೇರೆ ನಂಬರು, ಅಳತೆಯ ಮೂಲರೇಖೆಯೂ ಬೇರೆ, ಹಾಗಾಗಿ ಕೌಂಟಿ ಗಡಿಯಲ್ಲಿ ಎರಡು ಶೀಟು ಅಂಟಿಸೋಕೆ ಹೋದ್ರೆ ಸರಿಯಾಗಿ ಕೂಡಲ್ಲ. ಅದು ಮುದ್ರಣದ ದೋಷ ಅಂತ ತಿಳ್ಕೋಬೇಡಿ.

ಗೆರೆ ಓದೋದು

ಮ್ಯಾಪು ಬಂತು, ಹರಡಿದ್ರಿ. ಮೊದಲ ಅರ್ಧ ಗಂಟೆ ನಿಮ್ಮ ಮನೆ ಹುಡುಕ್ಬೇಡಿ. ಚರ್ಚು, ಪಬ್ಬು, ಸ್ಕೂಲು, ಕಾರ್ಖಾನೆ, ರೈಲು ಹಳಿ, ಕಾಲುವೆ, ಇಷ್ಟನ್ನ ಬೆರಳಿಟ್ಟು ಗುರುತು ಮಾಡ್ಕೊಳ್ಳಿ. ಸಂಕ್ಷೇಪಗಳು ಇಂಗ್ಲಿಷ್ ಅಕ್ಷರದಲ್ಲಿರುತ್ತೆ, ಪಿ.ಹೆಚ್. ಅಂದ್ರೆ ಪಬ್ಲಿಕ್ ಹೌಸ್, ಎಲ್.ಬಿ. ಅಂದ್ರೆ ಅಂಚೆಪೆಟ್ಟಿಗೆ, ಎಫ್.ಪಿ. ಕಾಲುದಾರಿ, ಎಸ್.ಪಿ. ರೈಲಿನ ಸಿಗ್ನಲ್ ಕಂಬ, ಬರೀ ಪಿ. ಅಂದ್ರೆ ನೀರಿನ ಪಂಪು, ಡಬ್ಲ್ಯೂ. ಅಂದ್ರೆ ಬಾವಿ. ಬಿ.ಎಂ. ಅಂದ್ರೆ ಬೆಂಚ್ ಮಾರ್ಕ್, ಪಕ್ಕದಲ್ಲಿ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತೆ. ಚರ್ಚಿನ ಗೋಡೆಗೋ ಸೇತುವೆಗೋ ಕೆತ್ತಿದ ಆ ಬಾಣದ ಗುರುತು ಇವತ್ತಿಗೂ ಎಷ್ಟೋ ಕಡೆ ಉಳಿದಿದೆ, ಆ ಊರಿಗೆ ಹೋದಾಗ ಬೀದಿ ಎಲ್ಲ ಬದಲಾಗಿದ್ರೂ ಹಳೇ ಮ್ಯಾಪನ್ನ ಇವತ್ತಿನ ನೆಲಕ್ಕೆ ಹೊಂದಿಸೋಕೆ ಅದು ಒಳ್ಳೇ ಆಧಾರ.

ಮನೆಗಳ ವಿಷಯಕ್ಕೆ ಬಂದ್ರೆ ಗೆರೆಗಳ ನಡುವಿನ ಖಾಲಿ ಜಾಗವನ್ನ ನೋಡೋದು ಕಲೀಬೇಕು. ಸಾಲುಮನೆ ಹಿಂದೆ ಹಿತ್ತಿಲು, ಹಿತ್ತಿಲ ಕೊನೇಲಿ ಪುಟ್ಟ ಚೌಕ, ಅದು ಸಾಮಾನ್ಯವಾಗಿ ಕಕ್ಕಸು ಅಥವಾ ಕಲ್ಲಿದ್ದಲು ಇಡೋ ಗೂಡು. ಒಂದು ಉದ್ದ ಬ್ಲಾಕಿನ ನಡುವೆ ಒಂದೇ ಗೆರೆ ಹೋಗಿ ಎರಡೂ ಕಡೆ ಮನೆ ಇದ್ದು ಹಿತ್ತಿಲೇ ಇಲ್ಲ ಅಂದ್ರೆ ಅದು ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಮನೆ, ಬ್ಯಾಕ್ ಟು ಬ್ಯಾಕ್ ಅಂತಾರಲ್ಲ ಅದು. ಒಂದೇ ಕಡೆ ಕಿಟಕಿ, ಗಾಳಿ ಆಚೆಯಿಂದ ಈಚೆ ಹಾಯಲ್ಲ. 1909ರ ಕಾಯ್ದೆ ಇಂಥದ್ದನ್ನ ಹೊಸದಾಗಿ ಕಟ್ಟಬಾರದು ಅಂದ್ರೂ ಲೀಡ್ಸಿನಲ್ಲಿ 1930ರ ದಶಕದವರೆಗೂ ಕಟ್ಟಿದ್ರು. ಬೀದಿ ಕಡೆ ಸಾಲಿನಲ್ಲಿ ಒಂದು ಸಣ್ಣ ಗುಣಾಕಾರ ಚಿಹ್ನೆ ಕಂಡ್ರೆ ಅದು ಮೇಲ್ಗಡೆ ಮನೆ, ಕೆಳಗೆ ನಡೆಯೋ ದಾರಿ, ಅದರೊಳಗೆ ನುಗ್ಗಿದ್ರೆ ಒಳಗೊಂದು ವಠಾರ, ಅಲ್ಲಿನವರು ಕೋರ್ಟ್ ಅಂತಿದ್ರು. ಸೆನ್ಸಸ್ಸಿನಲ್ಲಿ 5 ಕೋರ್ಟ್, 3 ಮನೆ ಅನ್ನೋ ಥರದ ಅಡ್ರೆಸ್ ಸಿಕ್ಕಿದ್ರೆ ಹುಡುಕ್ಬೇಕಾಗಿರೋದು ಇದನ್ನೇ. ಅದು ಹೇಗಿರುತ್ತೆ ಅಂತ ಕಣ್ಣಲ್ಲಿ ನೋಡ್ಬೇಕು ಅಂದ್ರೆ ಬರ್ಮಿಂಗ್‌ಹ್ಯಾಮಿನ ಹರ್ಸ್ಟ್ ಸ್ಟ್ರೀಟ್ ಮತ್ತು ಇಂಜ್ ಸ್ಟ್ರೀಟ್ ಮೂಲೇಲಿರೋ 15ನೇ ಕೋರ್ಟನ್ನ ನ್ಯಾಷನಲ್ ಟ್ರಸ್ಟ್‌ನೋರು ಉಳಿಸಿ 2004ರಿಂದ ಜನರಿಗೆ ತೋರಿಸ್ತಿದ್ದಾರೆ. ಹೋಗೋಕೆ ಮುಂಚೆ ಆ ಬ್ಲಾಕನ್ನ ಮ್ಯಾಪಿನಲ್ಲಿ ನೋಡ್ಕೊಂಡು ಹೋಗಿ, ಅಂಗಳದಲ್ಲಿ ನಿಂತಾಗ ಕಾಗದದ ಮೇಲಿನ ಆ ಎರಡು ಮಿಲಿಮೀಟರ್ ಬಿಳಿ ಜಾಗ ಏನು ಅಂತ ಅರ್ಥ ಆಗುತ್ತೆ. ಆಮೇಲೆ ಯಾವ ಊರಿನ ಮ್ಯಾಪು ತೆಗೆದ್ರೂ ನೀವು ಬೇರೆ ಥರ ಓದ್ತೀರಿ.

ಹೊಲದ ಕಡೆ ಶೀಟುಗಳಲ್ಲಿ ಪ್ರತಿ ತುಂಡು ಭೂಮಿಗೂ ಒಂದು ನಂಬರು, ಕೆಳಗೆ ಎಕರೆ ಲೆಕ್ಕ ಇರುತ್ತೆ, ನಮ್ಮ ಪಹಣಿಯ ಸರ್ವೆ ನಂಬರ್ ಇದ್ದ ಹಾಗೆ. ಚುಕ್ಕೆ ಚುಕ್ಕೆ ಗೆರೆ ಪ್ಯಾರಿಷ್ ಗಡಿ, ಪ್ಯಾರಿಷ್ ಅಂದ್ರೆ ಒಂದು ಚರ್ಚಿಗೋ ಸ್ಥಳೀಯ ಆಡಳಿತಕ್ಕೋ ಸೇರಿದ ಪುಟ್ಟ ಪ್ರದೇಶ. ಬ್ಯಾಪ್ಟಿಸಂ, ಮದುವೆ ದಾಖಲೆ ಯಾವ ಚರ್ಚಿನ ಪುಸ್ತಕದಲ್ಲಿ ಹುಡುಕ್ಬೇಕು ಅನ್ನೋದಕ್ಕೆ ಇದು ಸುಳಿವು, ಆದ್ರೆ ಆಡಳಿತದ ಪ್ಯಾರಿಷ್ಷೂ ಚರ್ಚಿನ ಪ್ಯಾರಿಷ್ಷೂ ಒಂದೇ ಆಗಿರ್ಬೇಕಿಲ್ಲ, ಹಾಗಾಗಿ ಬರೀ ಗಡಿಗೆರೆ ನಂಬಿ ಕೂರ್ಬೇಡಿ, ಮನೆಗೆ ಹತ್ತಿರ ಕಾಣೋ ಮೂರು ನಾಲ್ಕು ಚರ್ಚಿನ ಹೆಸರು ಬರ್ಕೊಂಡು ಎಲ್ಲದರ ರಿಜಿಸ್ಟರೂ ನೋಡಿ. ಮೆಥಡಿಸ್ಟ್ ಚಾಪೆಲ್ (ಬೇರೆ ಕ್ರೈಸ್ತ ಪಂಥದೋರ ಪ್ರಾರ್ಥನಾ ಮಂದಿರ) ಪಕ್ಕದಲ್ಲೇ ಇದ್ದು ಪ್ಯಾರಿಷ್ ಚರ್ಚಿನಲ್ಲಿ ಹೆಸರು ಸಿಗದೇ ಇದ್ರೆ ಆ ಕಡೆ ಹುಡುಕೋದು ಜಾಣತನ.

ಸೆನ್ಸಸ್‌ನೋರ ಜೊತೆ ನಡೆಯೋದು

ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಸೆನ್ಸಸ್ ಪುಸ್ತಕದಲ್ಲಿ ನಿಮ್ಮವರ ಪುಟ ಸಿಕ್ಕಿದ ತಕ್ಷಣ ಡೌನ್‌ಲೋಡ್ ಮಾಡಿ ಮುಚ್ಚಬೇಡಿ, ಹಿಂದಕ್ಕೆ ಹೋಗ್ತಾ ಹೋಗ್ತಾ ಆ ಪುಸ್ತಕದ ಮೊದಲ ಪುಟಕ್ಕೆ ಬನ್ನಿ. ಅಲ್ಲಿ ಎಣಿಕೆಯೋನು ಯಾವ ಬೀದಿಯಿಂದ ಶುರು ಮಾಡಿ ಯಾವ ಕಡೆ ತಿರುಗಿ ಎಲ್ಲಿ ಮುಗಿಸ್ಬೇಕು ಅನ್ನೋ ವಿವರ ಬರೆದಿರುತ್ತೆ. ಮ್ಯಾಪಿನ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಪೆನ್ಸಿಲ್ಲಿನಲ್ಲಿ ಅವನ ಹಾದಿ ಎಳೀರಿ. ಆಮೇಲೆ ಪುಟ ಪುಟ ತಿರುಗಿಸ್ತಾ ಪಬ್ಬು, ಮೂಲೆ ಅಂಗಡಿ, ಸ್ಕೂಲ್ ಮಾಸ್ತರ ಮನೆ, ಪಾದ್ರಿ ಮನೆ ಎಲ್ಲಿ ಬಂತು ಅಂತ ಗುರುತು ಹಾಕಿ, ಇವು ಮ್ಯಾಪಿನಲ್ಲಿ ಹೆಸರು ಸಮೇತ ಇರೋ ಜಾಗಗಳು. ಎರಡು ಗುರುತಿನ ನಡುವೆ ಸೆನ್ಸಸ್ಸಿನಲ್ಲಿ ಎಷ್ಟು ಮನೆ ಇದೆ, ಮ್ಯಾಪಿನಲ್ಲಿ ಎಷ್ಟು ಮನೆ ಇದೆ, ಎಣಿಸಿ. ಲೆಕ್ಕ ಕೂಡಿದ್ರೆ ಮನೆ ನಂಬರೇ ಇಲ್ಲದ 1841, 1851ರ ಸೆನ್ಸಸ್ಸಿನಲ್ಲೂ ನಿಮ್ಮವರು ಯಾವ ಬಾಗಿಲೊಳಗಿದ್ರು ಅಂತ ಒಂದೆರಡು ಮನೆ ಹೆಚ್ಚು ಕಮ್ಮಿಯಲ್ಲಿ ಹೇಳಬಹುದು. ಕೂಡದೇ ಇದ್ರೆ ಅದರಲ್ಲೂ ವಿಷಯ ಇದೆ, ಮನೆ ಕಮ್ಮಿ ಕುಟುಂಬ ಜಾಸ್ತಿ ಅಂದ್ರೆ ಒಂದೊಂದು ಮನೇಲಿ ಎರಡು ಮೂರು ಸಂಸಾರ ಬಾಡಿಗೆಗಿತ್ತು ಅಂತ. ಸೆನ್ಸಸ್ ಹಾಳೆಯ ಅಂಚಿನಲ್ಲಿ ಹಾಕಿರೋ ಒಂಟಿ ಗೀಟು, ಜೋಡಿ ಗೀಟು ಗಮನಿಸಿ, ಒಂದು ಸಂಸಾರ ಎಲ್ಲಿ ಮುಗೀತು, ಇಡೀ ಮನೆ ಎಲ್ಲಿ ಮುಗೀತು ಅಂತ ಅದು ತೋರಿಸುತ್ತೆ.

ಈ ಥರ ನಡೆದಾಗ ಅಕ್ಕಪಕ್ಕದೋರು ಕಾಣ್ತಾರೆ. ಮುಂದೆ ಮದುವೆ ಆದ ಹುಡುಗಿ ಎರಡು ಬೀದಿ ಆಚೆ ಇದ್ಲು, ಸಾಕ್ಷಿ ಹಾಕಿದೋನು ಹಿತ್ತಿಲ ಗೋಡೆ ಆಚೆಯೋನು, ಅಣ್ಣ ತಮ್ಮ ಇಬ್ಬರೂ ಕೆಲಸ ಮಾಡ್ತಿದ್ದ ಹತ್ತಿಗಿರಣಿ ಬೀದಿ ಕೊನೇಲೇ ಇತ್ತು. ಹೆಸರು ಹುಡುಕೋ ಬಾಕ್ಸಿನಲ್ಲಿ ಇದು ಯಾವತ್ತೂ ಸಿಗಲ್ಲ.

ಮನೆ ನಂಬರಿನ ಕಾಟ

25 ಇಂಚಿನ ಹಳೇ ಶೀಟುಗಳಲ್ಲಿ ಮನೆ ನಂಬರು ಇರಲ್ಲ. ಇದಕ್ಕೆ ಎರಡು ದಾರಿ. ಒಂದು, ಎರಡನೇ ಮಹಾಯುದ್ಧ ಆದ್ಮೇಲೆ ಊರುಗಳಿಗೆ ಮಾಡಿದ 1:1250 ಮ್ಯಾಪಿನಲ್ಲಿ ನಂಬರು ಅಚ್ಚಾಗಿದೆ, ಅದನ್ನ ನೋಡಿ ಹಿಂದಕ್ಕೆ ಲೆಕ್ಕ ಹಾಕೋದು. ಇನ್ನೊಂದು, ಆ ಕಾಲದ ಡೈರೆಕ್ಟರಿ, ಕೆಲ್ಲೀಸ್, ಲಿವರ್‌ಪೂಲಿಗೆ ಗೋರ್ಸ್, ಮ್ಯಾಂಚೆಸ್ಟರಿಗೆ ಸ್ಲೇಟರ್ಸ್, ಡಬ್ಲಿನ್‌ಗೆ ಥಾಮ್ಸ್. ಇವುಗಳಲ್ಲಿ ಬೀದಿಯ ಒಂದು ಮಗ್ಗುಲಿನ ಮನೆಗಳನ್ನ ನಂಬರ್ ಪ್ರಕಾರ ಕೊಡ್ತಾ ಹೋಗಿ ನಡುವೆ ಇಲ್ಲಿ ಇಂಥ ಅಡ್ಡರಸ್ತೆ ಸೇರುತ್ತೆ ಅಂತ ಒಂದು ಸಾಲು ಹಾಕಿರ್ತಾರೆ, ಆ ಸಾಲೇ ಬಂಗಾರ. 20 ನಂಬರಿಗೂ 22ಕ್ಕೂ ನಡುವೆ ಅಡ್ಡರಸ್ತೆ ಬಂದ್ರೆ ಮ್ಯಾಪಿನಲ್ಲಿ ಆ ಮೂಲೆ ಹಿಡಿದು ಎಣಿಸಿದ್ರಾಯ್ತು. ಡೈರೆಕ್ಟರಿಗಳ ದೊಡ್ಡ ಸಂಗ್ರಹವನ್ನ ಲೆಸ್ಟರ್ ವಿಶ್ವವಿದ್ಯಾಲಯ ಬಿಟ್ಟಿಯಾಗಿ ಆನ್‌ಲೈನ್ ಇಟ್ಟಿದೆ. ಎಚ್ಚರ ಏನಂದ್ರೆ 19ನೇ ಶತಮಾನದ ಮಧ್ಯದಿಂದ ಲಂಡನ್ನಿನಲ್ಲಿ ಬೀದಿ ಹೆಸರು ಬದಲಾಯ್ಸೋದು, ನಂಬರು ಮತ್ತೆ ಹಾಕೋದು ಎಷ್ಟೋ ಸಲ ಆಗಿದೆ. ಎರಡು ಸೆನ್ಸಸ್ಸಿನಲ್ಲಿ ನಂಬರು ಬೇರೆ ಇದ್ದು ಅಕ್ಕಪಕ್ಕದ ಮನೆಯೋರು ಅವರೇ ಇದ್ರೆ, ಬದಲಾಗಿದ್ದು ಮನೆಯಲ್ಲ, ನಂಬರು.

ನಮ್ಮ ಕಡೆಯಿಂದ ಹೋದೋರನ್ನ ಹುಡುಕೋರಿಗೆ ಎರಡು ಜಾಗ ಹೇಳ್ತೀನಿ. ಹಡಗಿನ ಲಸ್ಕರುಗಳಿಗೆ, ಅಂದ್ರೆ ನಮ್ಮ ಕಡೆಯ ಹಡಗು ಕೆಲಸಗಾರರಿಗೆ, ಲಂಡನ್ನಿನ ವೆಸ್ಟ್ ಇಂಡಿಯಾ ಡಾಕ್ ರೋಡಿನಲ್ಲಿ 1857ರಲ್ಲಿ ಸ್ಟ್ರೇಂಜರ್ಸ್ ಹೋಮ್ ಅಂತ ಒಂದು ತಂಗುಮನೆ ತೆರೆದ್ರು, ಲೈಮ್‌ಹೌಸ್ ಕಡೆ ಶೀಟು ತಗೊಂಡ್ರೆ ಡಾಕಿನ ಗೇಟು, ಗೋದಾಮು, ಈ ಮನೆ ಎಷ್ಟು ಹತ್ತಿರ ಹತ್ತಿರ ಇದ್ವು ಅಂತ ಕಾಣುತ್ತೆ. ಆಯಾಗಳ ಹೋಮು, ಅಂದ್ರೆ ಅವರ ತಂಗುಮನೆ, ಮೊದಲು ಆಲ್ಡ್‌ಗೇಟ್ ಕಡೆ ಇದ್ದು 1900ರಲ್ಲಿ ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರೋಡ್ 26ಕ್ಕೆ ಬಂತು, 1921ರಲ್ಲಿ ಅದೇ ರೋಡಿನ 4ನೇ ನಂಬರಿಗೆ ಹೋಯ್ತು, 26ರ ಮೇಲೆ 2022ರಲ್ಲಿ ನೀಲಿ ಫಲಕ ಹಾಕಿದ್ದಾರೆ. ಇಲ್ಲಿ ವರ್ಷ ಹೊಂದಿಸೋ ಪಾಠ ಚೆನ್ನಾಗಿ ಕೆಲಸಕ್ಕೆ ಬರುತ್ತೆ, 1890ರ ದಶಕದ ಹ್ಯಾಕ್ನಿ ಶೀಟಿನಲ್ಲಿ ಹೋಮ್ ಹುಡುಕಿದ್ರೆ ಇರೋಕೆ ಸಾಧ್ಯಾನೇ ಇಲ್ಲ, ಆಗಿನ್ನೂ ಅದು ಅಲ್ಲಿಗೆ ಬಂದೇ ಇರಲಿಲ್ಲ, ಬೇಕಾಗಿರೋದು 1910ರ ದಶಕದ ಶೀಟು. ದೂರದ ಊರಿಂದ ಬಂದು ಕೆಲಸ ಮುಗಿದ ಮೇಲೆ ವಾಪಸ್ ಹೋಗೋ ಹಡಗಿಗೆ ಕಾಯ್ತಾ ಇದ್ದ ಆ ಹೆಂಗಸರು ಮೇರ್ ಸ್ಟ್ರೀಟ್ ಕಡೆಗೆ ನಡೆದ ದಾರಿಯನ್ನ ಇವತ್ತು ನಾವು ಬೆರಳಲ್ಲಿ ಹಿಡೀಬಹುದು ಅನ್ನೋದು ನನಗೆ ದೊಡ್ಡ ವಿಷಯ.

ಮ್ಯಾಪಿನ ಜೊತೆ ಇನ್ನೇನು

ಮನೆ ಯಾರ ಹೆಸರಲ್ಲಿತ್ತು ಅಂತ ಬೇಕಾದ್ರೆ 1910ರ ಕಾಯ್ದೆಯ ಆಸ್ತಿ ಸರ್ವೆ ನೋಡಿ, ಆಗಿನ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ತೆರಿಗೆಗೋಸ್ಕರ ಮಾಡ್ಸಿದ್ದು. ದೊಡ್ಡ ಸ್ಕೇಲಿನ ಆರ್ಡ್‌ನೆನ್ಸ್ ಸರ್ವೆ ಶೀಟುಗಳ ಮೇಲೇ ಬಣ್ಣ ಹಚ್ಚಿ ಆಸ್ತಿಗೊಂದು ನಂಬರು ಬರೆದಿದ್ದಾರೆ, ಆ ನಂಬರು ಹಿಡಿದು ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನ ಐಆರ್ 58 ಅನ್ನೋ ಸರಣಿಯ ಪುಸ್ತಕ ತರಿಸಿದ್ರೆ ಮಾಲೀಕ, ಬಾಡಿಗೆದಾರ, ಎಷ್ಟೋ ಸಲ ಎಷ್ಟು ರೂಮು, ಎಂಥ ಸ್ಥಿತಿ ಅನ್ನೋದೂ ಇರುತ್ತೆ. ಬೀದಿ ಬಡವರದ್ದಾ ಅನುಕೂಲಸ್ಥರದ್ದಾ ಅಂತ ಆರ್ಡ್‌ನೆನ್ಸ್ ಸರ್ವೆ ಹೇಳಲ್ಲ, ಲಂಡನ್ನಿಗೆ ಅದನ್ನ ಹೇಳೋದು ಚಾರ್ಲ್ಸ್ ಬೂತ್ ಅವರ ಬಡತನದ ಮ್ಯಾಪು, 1889 ಮತ್ತು 1898-99ರದ್ದು, ಕಪ್ಪಿನಿಂದ ಹಳದಿವರೆಗೆ ಬೀದಿ ಬೀದಿಗೂ ಬಣ್ಣ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೈಟಿನಲ್ಲಿ ಪುಕ್ಕಟೆ. ಅಂಗಡಿ, ಗೋದಾಮು ಇದ್ದ ನಡು ಊರಿಗೆ ಗೋಡ್ ಕಂಪನಿಯ ಬೆಂಕಿವಿಮೆ ಮ್ಯಾಪು, 1880ರ ದಶಕದ ಮಧ್ಯದಿಂದ ಶುರು, ಇಂಚಿಗೆ 40 ಅಡಿ, ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ, ಮನೆ ನಂಬರೂ ಇದೆ. ಅದಕ್ಕಿಂತ ಹಿಂದಿನ ಲಂಡನ್ ಬೇಕು ಅಂದ್ರೆ ರಿಚರ್ಡ್ ಹಾರ್ವುಡ್ 1790ರ ದಶಕದಲ್ಲಿ ಮೈಲಿಗೆ 26 ಇಂಚಿನಲ್ಲಿ ಒಂದೊಂದು ಮನೆಯನ್ನೂ ನಂಬರ್ ಸಮೇತ ತೋರಿಸೋಕೆ ಹೊರಟ ಮ್ಯಾಪಿದೆ, ಒಬ್ಬ ಮನುಷ್ಯ ಅಷ್ಟು ಕೆಲಸ ಕೈಗೆತ್ತಿಕೊಂಡಿದ್ದು ನೆನೆಸ್ಕೊಂಡ್ರೇ ಗೌರವ ಬರುತ್ತೆ, ಅದರ ಮರುಮುದ್ರಣವನ್ನ ಲಂಡನ್ ಟೋಪೋಗ್ರಾಫಿಕಲ್ ಸೊಸೈಟಿ ಮಾಡಿದೆ.

ಐರ್ಲೆಂಡಿನೋರಿಗೆ ಒಂದು ಮಾತು, ಅಲ್ಲಿ ಆರು ಇಂಚಿನ ಅಳತೆ 1846ರ ಹೊತ್ತಿಗೇ ಮುಗಿದಿತ್ತು, ಡಬ್ಲಿನ್ನಿನ 1847ರ 1:1056 ಪ್ಲಾನಿನಲ್ಲಿ ಸರ್ಕಾರಿ ಕಟ್ಟಡಗಳ ಒಳಗಿನ ಕೋಣೆ ಕೂಡ ಇದೆ. ಸೆನ್ಸಸ್ ಮಾತ್ರ ಪೂರ್ತಿಯಾಗಿ ಉಳಿದಿರೋದ್ರಲ್ಲಿ ಹಳೇದು 1901 ಮತ್ತು 1911ರದ್ದು, ಹಾಗಾಗಿ ಅದಕ್ಕಿಂತ ಹಿಂದಕ್ಕೆ ಹೋಗೋಕೆ ಮ್ಯಾಪು, ಡೈರೆಕ್ಟರಿಗಳ ಮೇಲೆ ಇನ್ನೂ ಜಾಸ್ತಿ ಒರಗ್ಬೇಕು.

ಸ್ಕ್ರೀನಾ, ಕಾಗದಾನಾ

ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿಯ ಮ್ಯಾಪ್ ಸೈಟಿನಲ್ಲಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನ ಹಳೇ ಶೀಟುಗಳು ರಾಶಿ ರಾಶಿ ಇವೆ, ದುಡ್ಡಿಲ್ಲ, ಇವತ್ತಿನ ಸ್ಯಾಟಲೈಟ್ ಚಿತ್ರದ ಮೇಲೆ ಹಳೇ ಮ್ಯಾಪು ಹಾಸಿ ಸ್ಲೈಡರ್ ಎಳೆದು ನೋಡಬಹುದು, ಸ್ಕಾಟ್ಲೆಂಡಿನ 62 ಊರುಗಳ ಟೌನ್ ಪ್ಲಾನೂ ಅಲ್ಲಿದೆ. ಹಾಗಿದ್ರೆ ಕಾಗದ ಯಾಕೆ ಕೊಳ್ಬೇಕು ಅಂತ ಕೇಳ್ತೀರಿ. ಹುಡುಕೋಕೆ ಸ್ಕ್ರೀನು, ಓದೋಕೆ ಕಾಗದ, ನನ್ನ ಅಭಿಪ್ರಾಯ ಅಷ್ಟು. ಸ್ಕ್ರೀನಿನಲ್ಲಿ ಜೂಮ್ ಮಾಡಿದ್ರೆ ಬೀದಿ ಕಾಣುತ್ತೆ, ಊರು ಕೈ ತಪ್ಪುತ್ತೆ. ಕಾಗದ ಹರಡಿದ್ರೆ ಗಿರಣಿ, ಕಾಲುವೆ, ಸ್ಮಶಾನ, ಮನೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತೆ, ಮನೆಯ ಹಿರಿಯರನ್ನ ಕೂರಿಸಿ ತೋರಿಸಿದಾಗ ಅವರಿಗೆ ನೆನಪು ಬರೋದೂ ಕಾಗದದ ಮೇಲೆ ಬೆರಳಾಡಿಸಿದಾಗಲೇ. ಬರೆಯೋದಿದ್ರೆ ಪೆನ್ಸಿಲ್ಲಿನಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ಬರೀರಿ, ಮ್ಯಾಪಿನ ಮೇಲೆ ಸೆಲ್ಲೋಟೇಪ್ ಹಚ್ಚಬೇಡಿ, ಮಡಿಕೆಯಲ್ಲಿ ಹರಿಯೋದ್ರಿಂದ ಆದಷ್ಟು ಬಿಡಿಸಿ ಮಟ್ಟಸವಾಗಿ ಇಡಿ. ಖಾಲಿ ಬಿಟ್ಟ ಜಾಗ ಕಂಡ್ರೆ ಅಲ್ಲಿ ಏನೂ ಇರಲಿಲ್ಲ ಅಂತ ತೀರ್ಮಾನ ಮಾಡ್ಬೇಡಿ, ಸೈನ್ಯದ ಜಾಗ, ನೌಕಾಪಡೆಯ ಡಾಕ್‌ಯಾರ್ಡ್ ಇಂಥದ್ದನ್ನ ಮಾರಾಟದ ಪ್ರತಿಯಲ್ಲಿ ಬೇಕಂತಲೇ ಖಾಲಿ ಬಿಟ್ಟಿದ್ದೂ ಉಂಟು.

ನಿಮ್ಮ ಏರಿಯಾದ ಶೀಟು ಮರುಮುದ್ರಣ ಆಗಿಲ್ದೇ ಇದ್ರೆ, ಅಥವಾ ಆಗಿ ಮುಗಿದು ಹೋಗಿದ್ರೆ, ಆ ಕೌಂಟಿಯ ರೆಕಾರ್ಡ್ ಆಫೀಸಿಗೋ ಊರಿನ ಲೈಬ್ರರಿಯ ಲೋಕಲ್ ಸ್ಟಡೀಸ್ ವಿಭಾಗಕ್ಕೋ ಬರೀರಿ, ಮೂಲ ಶೀಟು ಸಾಮಾನ್ಯವಾಗಿ ಅವರ ಹತ್ರ ಇರುತ್ತೆ, 50 ವರ್ಷ ದಾಟಿದ ಆರ್ಡ್‌ನೆನ್ಸ್ ಸರ್ವೆ ಮ್ಯಾಪಿಗೆ ಕ್ರೌನ್ ಕಾಪಿರೈಟ್ (ಸರ್ಕಾರದ ಹಕ್ಕುಸ್ವಾಮ್ಯ) ಇಲ್ಲದ್ದರಿಂದ ಪ್ರತಿ ಮಾಡ್ಕೊಡೋಕೆ ತಕರಾರು ಕಮ್ಮಿ. ಪತ್ರದಲ್ಲಿ ಬೀದಿ ಹೆಸರು, ಹತ್ತಿರದ ಚರ್ಚು, ನಿಮಗೆ ಬೇಕಾದ ವರ್ಷ, ಈ ಮೂರನ್ನೂ ಬರೆದ್ರೆ ಶೀಟು ನಂಬರು ಅವರೇ ಹುಡುಕಿ ಕೊಡ್ತಾರೆ.